ಬೆಣ್ಣೆಹಳ್ಳದಿಂದ ಮಲಪ್ರಭೆಗೆ: ತ್ಯಾಜ್ಯಜಲ ಶುದ್ಧೀಕರಣ ಮತ್ತು ನದಿಯ ಗುಣಮಟ್ಟ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಎರಡು ನದಿಗಳ ನಡುವಿನ ಊರು. ಉತ್ತರಕ್ಕೆ ಘಟಪ್ರಭೆ, ದಕ್ಷಿಣ ಮತ್ತು ಪೂರ್ವಕ್ಕೆ ಮಲಪ್ರಭೆ. ಈ ಊರಿನ ಖಣ, ನೆರೆಯ ಇಳಕಲ್ಲಿನ ಸೀರೆ, ಬಾದಾಮಿ-ಪಟ್ಟದಕಲ್ಲು-ಐಹೊಳೆಗಳ ಶಿಲ್ಪ, ಹುನಗುಂದ ಸೀಮೆಯ ಕೂಡಲಸಂಗಮ ಇವೆಲ್ಲ ಒಂದೇ ನದೀಕಣಿವೆಯ ಸಂಸ್ಕೃತಿಗೆ ಸೇರಿದವು. ಮಲಪ್ರಭೆಯನ್ನು ಕುರಿತ ಬರಹಗಳಲ್ಲಿ ಚಾಲುಕ್ಯರ ಇತಿಹಾಸ, ನೀರಾವರಿ ಹಾಗೂ ಪ್ರವಾಹಗಳಿಗೆ ದೊರೆತಷ್ಟು ಅವಕಾಶ ನೀರಿನ ಗುಣಮಟ್ಟಕ್ಕೆ ದೊರೆತಿಲ್ಲ. ನದಿಯಲ್ಲಿ ಎಷ್ಟು ನೀರಿದೆ ಎಂಬ ಪ್ರಶ್ನೆಯಷ್ಟೇ, ಅದು ಎಂಥ ನೀರು ಎಂಬ ಪ್ರಶ್ನೆಯೂ ಮುಖ್ಯವಾದುದು.

ಮಲಪ್ರಭೆಯ ಕೆಳಪಾತ್ರವನ್ನು ಸೇರುವ ನೀರಿನ ಗುಣವನ್ನು ನಿರ್ಧರಿಸುವ ಸಂಗತಿಗಳಲ್ಲಿ ಪ್ರಮುಖವಾದುದು ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ಕೊಳಚೆ ನೀರು. ಅದನ್ನು ಸಂಸ್ಕರಿಸುವ ಘಟಕಗಳು ನದಿಯಿಂದ ಬಹು ದೂರದಲ್ಲಿದ್ದರೂ ಅವುಗಳ ಫಲಾಫಲ ಬಾದಾಮಿ, ಗುಳೇದಗುಡ್ಡ, ಹುನಗುಂದ ಸೀಮೆಯ ನದೀತೀರಕ್ಕೆ ಸಂಬಂಧಿಸಿದ್ದು. ಈ ಸಂಬಂಧ ಯಾವ ಬಗೆಯದು, ಶುದ್ಧೀಕರಣ ಘಟಕವೊಂದು ನದಿಗೆ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನದಿ ಮತ್ತು ಅದರ ಹಳ್ಳಗಳು

ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ. ಅಲ್ಲಿಂದ ಪೂರ್ವಾಭಿಮುಖವಾಗಿ ಸುಮಾರು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನದಿಯ ಒಟ್ಟು ಜಲಾನಯನ ಪ್ರದೇಶ 11,549 ಚದರ ಕಿಲೋಮೀಟರ್. ಹೆಚ್ಚು ಮಳೆ ಬೀಳುವುದು ಖಾನಾಪುರದ ಕಾಡಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ; ಉಳಿದ ಬಹುಭಾಗ ಮಳೆ ಕಡಿಮೆಯಿರುವ ಬಯಲುಸೀಮೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಅಣೆಕಟ್ಟು ಮೇಲ್ಕಣಿವೆಯ ಮಳೆನೀರನ್ನು ಹಿಡಿದಿಡುತ್ತದೆ. ರೇಣುಕಾಸಾಗರವೆಂದು ಕರೆಯಲಾಗುವ ಈ ಜಲಾಶಯದ ಸಾಮರ್ಥ್ಯ 37.73 ಟಿ.ಎಂ.ಸಿ. ಅಡಿ. ಸಾಮರ್ಥ್ಯವಿದ್ದರೂ ಅನೇಕ ವರ್ಷಗಳಲ್ಲಿ ಅದು ತುಂಬದೆ ಉಳಿದದ್ದುಂಟು.

ಅಣೆಕಟ್ಟಿನಿಂದ ಕೆಳಗೆ ನದಿಯ ಸ್ವಭಾವವೇ ಬದಲಾಗುತ್ತದೆ. ಮಳೆಗಾಲದಲ್ಲಿ ಜಲಾಶಯ ತುಂಬಿ ನೀರು ಬಿಟ್ಟಾಗ ಉಕ್ಕಿ ಹರಿಯುವ ಹೊಳೆ, ಬೇಸಿಗೆಯಲ್ಲಿ ಮಡುಗಳ ಸರಪಣಿಯಾಗಿ ಉಳಿಯುತ್ತದೆ. ಈ ಭಾಗದಲ್ಲಿ ಅದಕ್ಕೆ ನೀರು ತರುವ ಮುಖ್ಯ ಉಪನದಿ ಬೆಣ್ಣೆಹಳ್ಳ. ಶಿಗ್ಗಾವಿ ತಾಲ್ಲೂಕಿನ ದುಂಡಸಿಯ ಕಡೆ ಹುಟ್ಟಿ ಉತ್ತರಕ್ಕೆ ಹರಿಯುವ ಈ ಹಳ್ಳ ನವಲಗುಂದ, ನರಗುಂದ, ರೋಣ ಸೀಮೆಯ ಎರೆಭೂಮಿಯನ್ನು ದಾಟಿ ಮೆಣಸಗಿಯ ಬಳಿ ಮಲಪ್ರಭೆಯನ್ನು ಕೂಡುತ್ತದೆ. ತುಪ್ಪರಿಹಳ್ಳ ಇದಕ್ಕೆ ಸೇರುವ ಇನ್ನೊಂದು ಪ್ರವಾಹ. ಬೆಣ್ಣೆ, ತುಪ್ಪ ಎಂಬ ಹೆಸರುಗಳು ಎಷ್ಟೇ ಸೊಗಸಾಗಿದ್ದರೂ ಈ ಕಪ್ಪು ಮಣ್ಣಿನ ಹಳ್ಳದ ನೀರು ಬೇಸಿಗೆಯಲ್ಲಿ ಸ್ವಭಾವತಃ ಸವುಳು. ಸಂಗಮದ ನಂತರ ನದಿ ಹೊಳೆಆಲೂರು, ಚೊಳಚಗುಡ್ಡಗಳನ್ನು ದಾಟಿ ಪಟ್ಟದಕಲ್ಲಿನಲ್ಲಿ ಉತ್ತರವಾಹಿನಿಯಾಗಿ ತಿರುಗಿ ಐಹೊಳೆಯ ಮೂಲಕ ಕೂಡಲಸಂಗಮಕ್ಕೆ ಸಾಗುತ್ತದೆ. ಆದುದರಿಂದ ಬೆಣ್ಣೆಹಳ್ಳ ಹೊತ್ತು ತಂದುದೆಲ್ಲವೂ ಬಾದಾಮಿ ಸೀಮೆಯ ಮಲಪ್ರಭೆಗೆ ಸೇರಿದ್ದೇ ಆಗಿದೆ.

ಅವಳಿ ನಗರಗಳ ನೀರು: ಹೋದ ದಾರಿ, ಬಂದ ದಾರಿ

ಹುಬ್ಬಳ್ಳಿ ಮತ್ತು ಧಾರವಾಡ ನಗರಗಳು ಜಲವಿಭಾಜಕದ ಮೇಲೆ ನೆಲೆಸಿವೆ. ಪಶ್ಚಿಮಕ್ಕೆ ಬಿದ್ದ ಮಳೆ ಶಾಲ್ಮಲಾ, ಬೇಡ್ತಿಗಳ ಮೂಲಕ ಅರಬ್ಬೀ ಸಮುದ್ರಕ್ಕೂ, ಪೂರ್ವಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳದ ಮೂಲಕ ಬಂಗಾಳ ಕೊಲ್ಲಿಗೂ ಹರಿಯುತ್ತದೆ. ದಿಬ್ಬದ ಮೇಲಿನ ಊರಿಗೆ ಸಹಜವಾಗಿ ದೊಡ್ಡ ನದಿಯ ಆಸರೆಯಿಲ್ಲ. ಉಣಕಲ್ಲ, ಕೆಲಗೇರಿ ಮೊದಲಾದ ಕೆರೆಗಳು, ಬಳಿಕ 1955ರಲ್ಲಿ ಬೇಡ್ತಿಯ ಮೇಲ್ಕಣಿವೆಯಲ್ಲಿ ನಿರ್ಮಾಣವಾದ ನೀರಸಾಗರ, ಅನಂತರ ರೇಣುಕಾಸಾಗರದಿಂದ ಅಮ್ಮಿನಭಾವಿಯ ಮಾರ್ಗವಾಗಿ ಬರುವ ಮಲಪ್ರಭೆಯ ನೀರು, ಹೀಗೆ ನಗರ ಬೆಳೆದಂತೆಲ್ಲ ನೀರಿನ ಮೂಲ ದೂರವಾಗುತ್ತ ಹೋಯಿತು. 2011ರ ಜನಗಣತಿಯ ವೇಳೆಗೆ ಅವಳಿ ನಗರಗಳ ಜನಸಂಖ್ಯೆ 9 ಲಕ್ಷವನ್ನು ದಾಟಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗೃಹಬಳಕೆಗೆ ಒದಗಿಸಿದ ನೀರಿನ ಸುಮಾರು ಶೇಕಡಾ 80ರಷ್ಟು ತ್ಯಾಜ್ಯಜಲವಾಗಿ ಹಿಂದಿರುಗುತ್ತದೆಂಬುದು ನಗರ ನೈರ್ಮಲ್ಯ ಯೋಜನೆಗಳಲ್ಲಿ ಸರ್ವಸಮ್ಮತವಾದ ಲೆಕ್ಕ. ಹಾಗಾಗಿ ನವಿಲುತೀರ್ಥದಲ್ಲಿ ಮಲಪ್ರಭೆಯಿಂದ ಎತ್ತಿದ ನೀರಿನ ದೊಡ್ಡ ಪಾಲು ನಗರಗಳನ್ನು ಸುತ್ತಿ, ಬೆಣ್ಣೆಹಳ್ಳದ ದಾರಿಯಿಂದ ಮತ್ತೆ ಮಲಪ್ರಭೆಯತ್ತಲೇ ಮರಳುತ್ತದೆ. ಶುದ್ಧವಾಗಿ ಹೊರಟ ನೀರು ಯಾವ ರೂಪದಲ್ಲಿ ಮರಳುತ್ತದೆ ಎಂಬುದನ್ನು ನಿರ್ಧರಿಸುವುದೇ ಶುದ್ಧೀಕರಣ ಘಟಕ.

ಬಹುಕಾಲ ಈ ತ್ಯಾಜ್ಯಜಲ ಸಂಸ್ಕರಣೆಯಿಲ್ಲದೆ ನಾಲೆಗಳಲ್ಲಿ ಹರಿಯಿತು. ಮುಂದೆ ಹುಬ್ಬಳ್ಳಿಗೆ ಗಬ್ಬೂರಿನ ಬಳಿ ದಿನಕ್ಕೆ 40 ದಶಲಕ್ಷ ಲೀಟರ್ ಸಾಮರ್ಥ್ಯದ ಘಟಕವೂ, ಧಾರವಾಡಕ್ಕೆ ಮದಿಹಾಳದ ಬಳಿ ದಿನಕ್ಕೆ 20 ದಶಲಕ್ಷ ಲೀಟರ್ ಸಾಮರ್ಥ್ಯದ ಘಟಕವೂ ನಿರ್ಮಾಣವಾದವು. ಒಳಚರಂಡಿ ಜಾಲಕ್ಕೆ ಸೇರದ ಬಡಾವಣೆಗಳ ನೀರು ಘಟಕವನ್ನು ತಲುಪದೆ ನೇರವಾಗಿ ನಾಲೆಗೆ ಇಳಿಯುತ್ತದೆ. ಘಟಕದ ಸಾಮರ್ಥ್ಯವನ್ನು ಮಾತ್ರ ನೋಡಿ ನದಿಯ ಸ್ಥಿತಿಯನ್ನು ಊಹಿಸುವುದು ಸಲ್ಲದು ಎಂಬುದಕ್ಕೆ ಇದು ಮೊದಲ ಕಾರಣ.

ಘಟಕದ ಕಾರ್ಯವಿಧಾನ

ಕೊಳಚೆ ನೀರಿನಲ್ಲಿ ಶೇಕಡಾ 99ಕ್ಕೂ ಹೆಚ್ಚು ಭಾಗ ಕೇವಲ ನೀರು. ಉಳಿದ ಅತ್ಯಲ್ಪ ಭಾಗದಲ್ಲಿರುವ ಸಾವಯವ ವಸ್ತು, ಸಾರಜನಕ, ರಂಜಕ, ರೋಗಾಣು ಹಾಗೂ ಲವಣಗಳೇ ತೊಂದರೆಯ ಮೂಲ. ಸಾವಯವ ವಸ್ತುವನ್ನು ಅಳೆಯುವ ಮಾನಕ್ಕೆ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿ.ಓ.ಡಿ. ಎಂದು ಹೆಸರು. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಆ ವಸ್ತುವನ್ನು ತಿಂದು ಕರಗಿಸಲು ಎಷ್ಟು ಆಮ್ಲಜನಕವನ್ನು ಬಳಸುತ್ತವೆ ಎಂಬುದೇ ಈ ಅಳತೆ. ಬ್ರಿಟನ್ನಿನಲ್ಲಿ 5 ದಿನಗಳ ಅವಧಿಯ ಪರೀಕ್ಷೆಯಾಗಿ ರೂಢಿಗೆ ಬಂದ ಇದನ್ನು ಭಾರತದ ಉಷ್ಣ ಹವೆಗೆ ಹೊಂದುವಂತೆ 27 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ 3 ದಿನಗಳಿಗೆ ಅಳವಡಿಸಿಕೊಳ್ಳಲಾಗಿದೆ.

ಘಟಕಕ್ಕೆ ಬಂದ ನೀರನ್ನು ಮೊದಲು ಜಾಲರಿಗಳ ಮೂಲಕ ಹಾಯಿಸಿ ಚಿಂದಿ, ಪ್ಲಾಸ್ಟಿಕ್ ಮೊದಲಾದವನ್ನು ತೆಗೆಯುತ್ತಾರೆ. ಮರಳು ತಳಕ್ಕಿಳಿಯುವಂತೆ ವೇಗವನ್ನು ತಗ್ಗಿಸುತ್ತಾರೆ. ಮುಂದಿನದು ಜೈವಿಕ ಹಂತ. 1914ರಲ್ಲಿ ಮ್ಯಾಂಚೆಸ್ಟರಿನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅವರು ನಿರೂಪಿಸಿದ ಕ್ರಿಯಾಶೀಲ ಕೆಸರಿನ ವಿಧಾನವೇ ಇಂದಿನ ಹೆಚ್ಚಿನ ಘಟಕಗಳ ತಳಹದಿ. ನದಿಯಲ್ಲಿ ಹಲವು ದಿನಗಳಲ್ಲಿ, ಹಲವು ಮೈಲಿಗಳ ಉದ್ದಕ್ಕೆ ಸೂಕ್ಷ್ಮಜೀವಿಗಳು ಮಾಡುವ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಒಂದು ತೊಟ್ಟಿಯೊಳಗೆ ಮಾಡಿಸುವುದು ಇದರ ತತ್ತ್ವ. ಗಾಳಿಯನ್ನು ಊದಿ ಜೀವಿಗಳಿಗೆ ಆಮ್ಲಜನಕ ಒದಗಿಸುವುದು, ಅವು ಕೊಳೆಯನ್ನು ತಿಂದು ಮುದ್ದೆಗಟ್ಟಿದಾಗ ಕೆಸರಾಗಿ ತಳಕ್ಕಿಳಿಸುವುದು, ಆ ಕೆಸರಿನ ಒಂದಂಶವನ್ನು ಹೊಸ ನೀರಿಗೆ ಹೆಪ್ಪಿನಂತೆ ಮರಳಿ ಬೆರೆಸುವುದು, ಇಷ್ಟೇ ಅದರ ಸಾರ. ಹಾಲಿಗೆ ನಿನ್ನೆಯ ಮಜ್ಜಿಗೆಯನ್ನು ಹಾಕುವ ಮನೆಯ ಕ್ರಮಕ್ಕೂ ಇದಕ್ಕೂ ಸಾಮ್ಯವುಂಟು.

ಜೀವಿಗಳನ್ನು ನೆಚ್ಚಿದ ವ್ಯವಸ್ಥೆಯಾದುದರಿಂದ ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ವಿದ್ಯುತ್ತು ದೀರ್ಘಕಾಲ ನಿಂತು ಗಾಳಿ ಊದುವ ಯಂತ್ರಗಳು ಸ್ತಬ್ಧವಾದರೆ ತೊಟ್ಟಿಯ ಜೀವಿಗಳು ಸಾಯತೊಡಗುತ್ತವೆ. ಯಂತ್ರ ಮರಳಿ ಓಡಿದ ಕ್ಷಣದಲ್ಲಿಯೇ ಶುದ್ಧೀಕರಣ ಮರಳುವುದಿಲ್ಲ. ಕೆಸರನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ಅದು ಶುದ್ಧವಾದ ನೀರಿನೊಡನೆಯೇ ಹೊರಹರಿಯುತ್ತದೆ. ಕಟ್ಟಡವನ್ನು ಒಮ್ಮೆ ಕಟ್ಟಿ ಉದ್ಘಾಟಿಸಬಹುದು. ಶುದ್ಧೀಕರಣವನ್ನಾದರೋ ಪ್ರತಿದಿನವೂ ಮಾಡಬೇಕಾಗುತ್ತದೆ.

ಈ ವಿಧಾನದ ಎಲ್ಲೆಗಳನ್ನೂ ಅರಿಯಬೇಕು. ಉತ್ತಮವಾಗಿ ನಡೆಯುವ ಘಟಕ ಬಿ.ಓ.ಡಿ.ಯ ಶೇಕಡಾ 90ಕ್ಕಿಂತ ಹೆಚ್ಚು ಭಾಗವನ್ನು ತೆಗೆಯಬಲ್ಲದು. ರೋಗಾಣುಗಳ ವಿಷಯದಲ್ಲಿ ಶೇಕಡಾವಾರು ಲೆಕ್ಕ ದಾರಿ ತಪ್ಪಿಸುತ್ತದೆ. ಹಸಿ ಕೊಳಚೆಯ 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರ್ಮ್ ಜೀವಿಗಳು 1 ಕೋಟಿ ಇದ್ದು ಅವುಗಳಲ್ಲಿ ಶೇಕಡಾ 99ನ್ನು ತೆಗೆದರೂ 1 ಲಕ್ಷ ಉಳಿಯುತ್ತವೆ. ಸ್ನಾನಯೋಗ್ಯ ನೀರಿಗೆ ಭಾರತದಲ್ಲಿ ನಿಗದಿಯಾದ ಗರಿಷ್ಠ ಮಿತಿ 2,500. ಅಪೇಕ್ಷಿತ ಮಿತಿ 500. ಆದುದರಿಂದ ಕ್ಲೋರಿನ್ ಅಥವಾ ಅತಿನೇರಳೆ ಕಿರಣಗಳಂಥ ಪ್ರತ್ಯೇಕ ಸೋಂಕು ನಿವಾರಣೆಯಿಲ್ಲದೆ, ಕಣ್ಣಿಗೆ ತಿಳಿಯಾಗಿ ಕಾಣುವ ನೀರೂ ಸ್ನಾನಕ್ಕೆ ಯೋಗ್ಯವಾಗಲಾರದು. ಕರಗಿದ ಲವಣಗಳನ್ನಂತೂ ಜೈವಿಕ ವಿಧಾನ ಮುಟ್ಟುವುದೇ ಇಲ್ಲ.

ಎಂಟು ಪಾಲು ನೀರಿನ ಪ್ರಶ್ನೆ

ಶುದ್ಧೀಕರಿಸಿದ ನೀರು ಎಷ್ಟು ಶುದ್ಧವಾಗಿರಬೇಕು ಎಂಬುದಕ್ಕೆ ಉತ್ತರ ನದಿಯನ್ನು ಅವಲಂಬಿಸಿದೆ. ಬ್ರಿಟನ್ನಿನ ಕೊಳಚೆ ವಿಲೇವಾರಿ ಕುರಿತ ರಾಜನಿಯುಕ್ತ ಆಯೋಗ 1912ರ ತನ್ನ ಎಂಟನೆಯ ವರದಿಯಲ್ಲಿ, ಹೊರಬಿಡುವ ನೀರಿನ ಬಿ.ಓ.ಡಿ. ಲೀಟರಿಗೆ 20 ಮಿಲಿಗ್ರಾಂ, ತೇಲುಘನ 30 ಮಿಲಿಗ್ರಾಂ ಮೀರಬಾರದೆಂದು ಸೂಚಿಸಿತು. ಈ ಅಂಕಿಗಳು ಜಗತ್ತಿನಾದ್ಯಂತ ಪ್ರಸಿದ್ಧವಾದವು. ಅವುಗಳಿಗೆ ಅಂಟಿಕೊಂಡಿದ್ದ ಷರತ್ತು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿಯಲಿಲ್ಲ: ಒಂದು ಪಾಲು ತ್ಯಾಜ್ಯಜಲಕ್ಕೆ ಕನಿಷ್ಠ ಎಂಟು ಪಾಲು ಶುದ್ಧ ನದೀಜಲ ದೊರೆಯಬೇಕೆಂಬುದು ಆ ಷರತ್ತು. ವರ್ಷವಿಡೀ ಹರಿಯುವ ನದಿಗಳ ನಾಡಿಗೆ ಅದು ಸಹಜವಾದ ಗ್ರಹಿಕೆ.

ಭಾರತದಲ್ಲಿ ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯಜಲಕ್ಕೆ ಬಿ.ಓ.ಡಿ. ಮಿತಿ ಬಹುಕಾಲ 30 ಮಿಲಿಗ್ರಾಂ ಇತ್ತು. 2017ರ ಅಕ್ಟೋಬರಿನ ಕೇಂದ್ರ ಅಧಿಸೂಚನೆಯು ಮಹಾನಗರಗಳಿಗೆ 20, ಉಳಿದೆಡೆಗೆ 30 ಎಂದು ನಿಗದಿಪಡಿಸಿತು. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇದನ್ನು ಬಿಗಿಗೊಳಿಸಿ ಬಿ.ಓ.ಡಿ. 10, ತೇಲುಘನ 20, ಒಟ್ಟು ಸಾರಜನಕ 10, ರಂಜಕ 1 ಮಿಲಿಗ್ರಾಂ ಎಂಬ ಮಾನಗಳನ್ನು ಆದೇಶಿಸಿತು. ಇನ್ನೊಂದೆಡೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನದಿಯಲ್ಲಿ ಬಿ.ಓ.ಡಿ. 3 ಮಿಲಿಗ್ರಾಂ ಮೀರಿದರೆ ಆ ಭಾಗವನ್ನು ಮಲಿನವೆಂದು ಗುರುತಿಸುತ್ತದೆ. ಮಂಡಳಿಯ 2018ರ ಪಟ್ಟಿಯಲ್ಲಿ ದೇಶದ 351 ನದೀಭಾಗಗಳಿದ್ದು, ಕರ್ನಾಟಕದ 17 ಭಾಗಗಳಲ್ಲಿ ಮಲಪ್ರಭೆಯೂ ಸೇರಿತ್ತು.

ಹೊರಬಿಡುವ ನೀರಿಗೆ 30 ಅಥವಾ 10, ನದಿಗೆ 3 ಎಂಬ ಎರಡು ಮಾನಗಳ ನಡುವಿನ ಅಂತರವನ್ನು ತುಂಬಬೇಕಾದುದು ನದಿಯ ಸ್ವಂತ ನೀರು. ಸರಳ ಗಣಿತದಿಂದ ಇದನ್ನು ಸ್ಪಷ್ಟಪಡಿಸಬಹುದು. ನದಿಯ ಶುದ್ಧ ನೀರಿನ ಬಿ.ಓ.ಡಿ. 2 ಎಂದು ಭಾವಿಸಿದರೆ, 30 ಮಿಲಿಗ್ರಾಂ ಬಿ.ಓ.ಡಿ.ಯ ಒಂದು ಪಾಲು ತ್ಯಾಜ್ಯಜಲ ಎಂಟು ಪಾಲು ನದೀಜಲದಲ್ಲಿ ಬೆರೆತಾಗ ಮಿಶ್ರಣದ ಬಿ.ಓ.ಡಿ. ಸುಮಾರು 5 ಆಗುತ್ತದೆ. ಒಂದೇ ಪಾಲು ನದೀಜಲವಿದ್ದರೆ 16. ಮಿಶ್ರಣ 3ಕ್ಕೆ ಇಳಿಯಬೇಕಾದರೆ 27 ಪಾಲು ನದೀಜಲ ಬೇಕು. ತ್ಯಾಜ್ಯಜಲವನ್ನು 10ಕ್ಕೆ ಇಳಿಸಿದಲ್ಲಿ 7 ಪಾಲು ಸಾಕು. ಬೇಸಿಗೆಯ ಬೆಣ್ಣೆಹಳ್ಳದಲ್ಲಿ 27 ಪಾಲು ಇರಲಿ, 7 ಪಾಲು ಸ್ವಂತ ನೀರನ್ನು ನಿರೀಕ್ಷಿಸುವುದೂ ಕಷ್ಟ. ಮಳೆಯಿಲ್ಲದ ತಿಂಗಳುಗಳಲ್ಲಿ ನಗರದ ಕೆಳಗಿನ ಹಳ್ಳದಲ್ಲಿ ಹರಿಯುವುದರ ಬಹುಭಾಗ ನಗರವೇ ಬಿಟ್ಟ ನೀರು. ಅಂಥಲ್ಲಿ ಘಟಕ ಬಿಡುವ ನೀರಿನ ಗುಣವೇ ಹಳ್ಳದ ಗುಣ. ಮಾನದಂಡದ ಪಾಲನೆಯಾಗಿಯೂ ಹಳ್ಳ ಮಲಿನವಾಗಿ ಉಳಿಯಬಹುದೆಂಬ ವಿಪರ್ಯಾಸಕ್ಕೆ ಕಾರಣ ಇದೇ.

ಹಾಗೆಂದು ದೂರವೂ ನದಿಗೆ ನೆರವಾಗದೆ ಇಲ್ಲ. 1925ರಲ್ಲಿ ಅಮೆರಿಕೆಯ ಓಹಾಯೋ ನದಿಯನ್ನು ಅಧ್ಯಯನ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಅವರು, ಕೊಳಚೆ ಸೇರಿದ ಬಳಿಕ ನದಿಯಲ್ಲಿ ಕರಗಿದ ಆಮ್ಲಜನಕ ಮೊದಲು ಕುಸಿದು, ಮುಂದೆ ಗಾಳಿಯ ಸಂಪರ್ಕದಿಂದ ಮೆಲ್ಲನೆ ಚೇತರಿಸಿಕೊಳ್ಳುವ ಕ್ರಮವನ್ನು ಗಣಿತದಲ್ಲಿ ನಿರೂಪಿಸಿದರು. ಹುಬ್ಬಳ್ಳಿಯಿಂದ ಮೆಣಸಗಿಯವರೆಗಿನ ದೀರ್ಘ ಹಾದಿಯಲ್ಲಿ ಸಾವಯವ ಮಾಲಿನ್ಯದ ಗಣನೀಯ ಭಾಗ ಹೀಗೆ ತಗ್ಗಲು ಅವಕಾಶವಿದೆ. ಈ ಚೇತರಿಕೆಗೂ ಷರತ್ತುಗಳಿವೆ. ಬಿಸಿ ನೀರು ಹಿಡಿಯುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ ಸುಮಾರು ಏಳೂವರೆಗೆ ಇಳಿಯುತ್ತದೆ. ನಿಂತ ಮಡುವಿನಲ್ಲಿ ಗಾಳಿ ಬೆರೆಯುವುದು ನಿಧಾನ. ಅಮೋನಿಯಾ ರೂಪದ 1 ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗಿ ಮಾರ್ಪಡಲು ಸುಮಾರು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಬೇಕು. ಸಾರಜನಕ, ರಂಜಕಗಳು ರೂಪ ಬದಲಿಸಿದರೂ ನೀರಿನಲ್ಲಿಯೇ ಉಳಿದು ಕೆಳಗೆ ಸಾಗುತ್ತವೆ. ಕೂಡಲಸಂಗಮದವರೆಗೆ ಚಾಚಿದ ನಾರಾಯಣಪುರ ಜಲಾಶಯದ ಹಿನ್ನೀರಿನಂಥ ನಿಶ್ಚಲ ನೀರನ್ನು ತಲುಪಿದಾಗ ಪಾಚಿ ಹಾಗೂ ಜಲಕಳೆಗಳಿಗೆ ಅವೇ ಗೊಬ್ಬರ. ಪುಣ್ಯಸ್ನಾನಕ್ಕೆ ಜನ ಇಳಿಯುವುದೂ ಆ ನೀರಿಗೇ.

ಎರೆಭೂಮಿಯ ರೈತ ಮತ್ತು ಕೊಳಚೆ

ಬೆಣ್ಣೆಹಳ್ಳದ ಪ್ರಕರಣವನ್ನು ಕೇವಲ ನಗರ ಮತ್ತು ನದಿಗಳ ನಡುವಿನ ವಿಷಯವೆಂದು ತಿಳಿದರೆ ಅರ್ಧ ಚಿತ್ರ ಮಾತ್ರ ದೊರೆತಂತೆ. ನಡುವೆ ರೈತನಿದ್ದಾನೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಿ.ಎಸ್. ಹುನಶಾಳ ಅವರು ಬ್ರಿಟನ್ನಿನ ಆಂಡ್ರ್ಯೂ ಬ್ರಾಡ್‌ಫರ್ಡ್ ಮತ್ತು ರಾಬರ್ಟ್ ಬ್ರೂಕ್ ಅವರೊಡನೆ 2003ರಲ್ಲಿ ಪ್ರಕಟಿಸಿದ ಅಧ್ಯಯನ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಕೊಳಚೆ ನೀರಾವರಿಯ ಸ್ವರೂಪವನ್ನು ದಾಖಲಿಸಿದೆ. ನಾಲೆಗಳ ದಂಡೆಯ ರೈತರು ಹಸಿ ಕೊಳಚೆಯನ್ನು ಪಂಪುಗಳಿಂದ ಎತ್ತಿ ತರಕಾರಿ, ಹೊಲದ ಬೆಳೆ ಹಾಗೂ ತೋಟದ ಮರಗಳನ್ನು ಬೆಳೆಯುತ್ತಿದ್ದರು. ಮಳೆಯನ್ನೇ ನಂಬಿದ ಸೀಮೆಯಲ್ಲಿ ಬೇಸಿಗೆಯಲ್ಲಿಯೂ ತಪ್ಪದೆ ಬರುವ ನೀರು, ಅದರೊಡನೆ ಬಿಟ್ಟಿಯಾಗಿ ಬರುವ ಗೊಬ್ಬರದ ಅಂಶ, ಇವು ಆ ಕೃಷಿಯ ಬಲ. ಕಳೆ, ಕೀಟಗಳ ಹಾವಳಿ, ಕೊಳಚೆಯಲ್ಲಿ ಬರಿಗಾಲಲ್ಲಿ ದುಡಿಯುವವರ ಹಾಗೂ ಆ ತರಕಾರಿಯನ್ನು ಉಣ್ಣುವವರ ಆರೋಗ್ಯಕ್ಕೆ ಒದಗುವ ಅಪಾಯ ಅದರ ಬೆಲೆ.

ಗೊಬ್ಬರದ ಲೆಕ್ಕವನ್ನು ಸ್ಥೂಲವಾಗಿ ನೋಡಬಹುದು. ಕೊಳಚೆಯ ಸಾರಜನಕವನ್ನು ಲೀಟರಿಗೆ 30 ಮಿಲಿಗ್ರಾಂ ಎಂದು ಇಟ್ಟುಕೊಂಡರೂ ದಿನವೊಂದಕ್ಕೆ 40 ದಶಲಕ್ಷ ಲೀಟರಿನಲ್ಲಿ 1,200 ಕಿಲೋಗ್ರಾಂ ಸಾರಜನಕವಿರುತ್ತದೆ. ಯೂರಿಯಾದ ರೂಪದಲ್ಲಿ ಹೇಳುವುದಾದರೆ 45 ಕಿಲೋಗ್ರಾಮಿನ ಸುಮಾರು 58 ಚೀಲಗಳು, ಪ್ರತಿದಿನ. ಹೊಲಕ್ಕೆ ಹೋದರೆ ಇದು ಬೆಳೆ, ಹೊಳೆಗೆ ಹೋದರೆ ಪಾಚಿ. ಆದುದರಿಂದ ಶುದ್ಧೀಕರಣ ಘಟಕದ ನೀರಿಗೂ ಹೊಲಕ್ಕೂ ಇರುವ ನಂಟನ್ನು ಕಡಿಯುವುದರ ಬದಲು ಸುರಕ್ಷಿತಗೊಳಿಸುವುದೇ ವಿವೇಕ. ರೋಗಾಣುಗಳನ್ನು ನಿವಾರಿಸಿ, ಗೊಬ್ಬರದ ಅಂಶವನ್ನು ಉಳಿಸಿಕೊಂಡ ನೀರು ಹಸಿಯಾಗಿ ತಿನ್ನದ ಬೆಳೆಗಳಿಗೆ ದೊರೆತರೆ ರೈತನಿಗೂ ನದಿಗೂ ಲಾಭ. ಎರೆಮಣ್ಣಿನಲ್ಲಿ ನೀರು ಇಂಗಿ ಬಸಿಯುವುದು ನಿಧಾನವಾದ್ದರಿಂದ ಲವಣ ಶೇಖರಣೆಯನ್ನು ಗಮನಿಸುತ್ತಿರಬೇಕಾದುದು ಇದಕ್ಕೆ ಸೇರಿದ ಎಚ್ಚರಿಕೆ.

ಬಣ್ಣದ ನೀರು: ಗುಳೇದಗುಡ್ಡ ಮತ್ತು ಇಳಕಲ್ಲು

ಕೆಳಪಾತ್ರದ ಊರುಗಳೂ ನದಿಯ ವಿಷಯದಲ್ಲಿ ಕೇವಲ ಬಾಧಿತರಲ್ಲ. ಕುಪ್ಪಸಕ್ಕೂ ಉಡಿ ತುಂಬುವುದಕ್ಕೂ ಬೇಕಾದ ಗುಳೇದಗುಡ್ಡದ ಖಣ, ಟೋಪ್ ತೆನೆ ಸೆರಗಿನ ಇಳಕಲ್ಲು ಸೀರೆ, ಇವೆರಡರ ಚೆಲುವು ನೂಲಿನ ಬಣ್ಣದಲ್ಲಿದೆ. ನೂಲಿಗೆ ಬಣ್ಣ ಹಾಕುವ ಕೆಲಸ ನೀರನ್ನು ಬೇಡುತ್ತದೆ. ನೂಲನ್ನು ಕುದಿಸಿ ಜಿಡ್ಡು ತೆಗೆಯುವುದು, ಬಣ್ಣದಲ್ಲಿ ಅದ್ದುವುದು, ಮತ್ತೆ ಮತ್ತೆ ತೊಳೆಯುವುದು. ಹತ್ತಿಯ ನೂಲಿಗೆ ಬಳಸುವ ಹಲವು ಬಗೆಯ ಬಣ್ಣಗಳಿಗೆ ಕಾಸ್ಟಿಕ್ ಸೋಡ, ಸೋಡಿಯಂ ಹೈಡ್ರೋಸಲ್ಫೈಟ್, ಉಪ್ಪು ಮೊದಲಾದವು ಬೇಕು. ನೂಲು ಹೀರದೆ ಉಳಿದ ಬಣ್ಣವೂ ಈ ಲವಣಗಳೂ ತೊಳೆದ ನೀರಿನೊಡನೆ ಹೊರಬೀಳುತ್ತವೆ.

ಈ ನೀರು ಮನೆಯ ಕೊಳಚೆಗಿಂತ ಭಿನ್ನ ಜಾತಿಯದು. ಬಿಸಿಲಿಗೂ ಸಾಬೂನಿಗೂ ಮಾಸಬಾರದೆಂದೇ ರೂಪಿಸಿದ ಬಣ್ಣ ಸೂಕ್ಷ್ಮಜೀವಿಗಳಿಗೂ ಸುಲಭವಾಗಿ ಮಣಿಯುವುದಿಲ್ಲ. ಅದರ ಬಿ.ಓ.ಡಿ. ಕಡಿಮೆಯೆಂದು ತೋರಿದರೂ ರಾಸಾಯನಿಕ ಆಮ್ಲಜನಕ ಬೇಡಿಕೆ ಹೆಚ್ಚಿರುತ್ತದೆ. ಬಣ್ಣವಾದರೂ ಸುಣ್ಣ, ಪಟಿಕದಂಥ ರಾಸಾಯನಿಕಗಳಿಂದ ಹೆಪ್ಪುಗಟ್ಟಿ ಕೆಳಗಿಳಿಯಬಹುದು, ಉಪ್ಪು ಇಳಿಯದು. ಮನೆಯ ಕೊಳಚೆಗೆಂದು ಕಟ್ಟಿದ ಘಟಕಕ್ಕೆ ಇದನ್ನು ಬಿಟ್ಟರೆ ಬಣ್ಣ ಹಾಗೆಯೇ ಹಾದುಹೋಗುವುದಲ್ಲದೆ, ಅತಿಯಾದ ಕ್ಷಾರ ಅಲ್ಲಿನ ಜೀವಿಗಳಿಗೇ ಕುತ್ತು ತರಬಲ್ಲದು.

ತಮಿಳುನಾಡಿನ ತಿರುಪ್ಪೂರಿನ ಉದಾಹರಣೆ ಇಲ್ಲಿ ಬೋಧಪ್ರದ. ಅಲ್ಲಿನ ಬಣ್ಣದ ಘಟಕಗಳ ಉಪ್ಪುನೀರು ನೊಯ್ಯಲ್ ನದಿಯನ್ನು ಸೇರಿ, ನೀರಾವರಿಗೆಂದು ಕಟ್ಟಿದ ಒರತ್ತುಪಾಳ್ಯಂ ಜಲಾಶಯವೇ ಮಲಿನಜಲದ ಕೊಳವಾಯಿತು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಘಟಕಗಳನ್ನು ಮುಚ್ಚಲು ಆದೇಶಿಸಿತು. ಹನಿ ನೀರನ್ನೂ ಹೊರಬಿಡದ ವ್ಯವಸ್ಥೆ ಮಾಡಿಕೊಂಡವು ಮಾತ್ರ ಮತ್ತೆ ತೆರೆಯಬೇಕಾಯಿತು. ಗುಳೇದಗುಡ್ಡ, ಇಳಕಲ್ಲುಗಳ ಕೈಮಗ್ಗದ ಬಣ್ಣಗಾರಿಕೆಯ ಪ್ರಮಾಣ ತಿರುಪ್ಪೂರಿನ ರಫ್ತು ಉದ್ಯಮಕ್ಕೆ ಹೋಲಿಸುವಂಥದ್ದಲ್ಲ. ಚಿಕ್ಕದಾಗಿರುವುದೇ ಇಲ್ಲಿ ಅನುಕೂಲ. ಚದುರಿದ ಬಣ್ಣದ ಕೆಲಸವನ್ನು ಸಾಮಾನ್ಯ ಸೌಲಭ್ಯ ಕೇಂದ್ರದ ಸೂರಿನಡಿ ತಂದರೆ ಆ ನೀರನ್ನು ಪ್ರತ್ಯೇಕವಾಗಿ ಸಂಸ್ಕರಿಸುವುದು, ಉಪ್ಪುನೀರನ್ನು ಈ ಸೀಮೆಯ ಬಿಸಿಲಿನಲ್ಲಿಯೇ ಆರಿಸುವುದು ಸಾಧ್ಯ. ವೆಚ್ಚವನ್ನು ನೇಕಾರನ ಕೂಲಿಯ ಮೇಲೆ ಹೇರಿದರೆ ಮಾತ್ರ ಈ ಪರಿಹಾರ ಮಗ್ಗವನ್ನೇ ನಿಲ್ಲಿಸೀತು. ನದಿಯ ರಕ್ಷಣೆ ಮತ್ತು ನೇಕಾರಿಕೆಯ ರಕ್ಷಣೆ ಒಂದೇ ಯೋಜನೆಯ ಅಂಗಗಳಾಗಬೇಕು.

ಮನೆಗಳ ಕೊಳಚೆಯ ವಿಷಯದಲ್ಲಿ, ಗುಂಡಿ ಹಾಗೂ ಸೆಪ್ಟಿಕ್ ಟ್ಯಾಂಕುಗಳನ್ನೇ ನೆಚ್ಚಿದ ಸಣ್ಣ ಪಟ್ಟಣಗಳಿಗೆ ದೇವನಹಳ್ಳಿ ಒಂದು ಮಾದರಿಯನ್ನು ಒದಗಿಸಿದೆ. 2015ರಲ್ಲಿ ಅಲ್ಲಿ ಆರಂಭವಾದ ಮಲಕೆಸರು ಶುದ್ಧೀಕರಣ ಘಟಕ, ಟ್ಯಾಂಕುಗಳಿಂದ ವಾಹನದಲ್ಲಿ ತಂದ ಕೆಸರನ್ನು ಸಂಸ್ಕರಿಸಿ ಗೊಬ್ಬರವಾಗಿಸುವ ಕ್ರಮವನ್ನು ತೋರಿಸಿಕೊಟ್ಟಿತು. ಬೆಟ್ಟ, ಬಂಡೆಗಳ ನಡುವೆ ಒಳಚರಂಡಿ ತೋಡುವುದು ದುಬಾರಿಯಾದ ಗುಳೇದಗುಡ್ಡ, ಬಾದಾಮಿಗಳಂಥ ಊರುಗಳಲ್ಲಿ ಈ ಕ್ರಮ ಪರಿಶೀಲನಾರ್ಹ.

ಮರಳುವ ನೀರಿನ ಮೌಲ್ಯ

ಮಲಪ್ರಭೆಯ ನೀರಿನ ಕೊರತೆಯನ್ನು ಕುರಿತ ಚರ್ಚೆ ದಶಕಗಳಿಂದ ಮಹದಾಯಿಯ ಸುತ್ತ ನಡೆದಿದೆ. ಮಹದಾಯಿ ಜಲವಿವಾದ ನ್ಯಾಯಮಂಡಳಿಯು 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.90 ಟಿ.ಎಂ.ಸಿ. ಅಡಿ ನೀರನ್ನು ಮಲಪ್ರಭೆಗೆ ತಿರುಗಿಸಲು ಅವಕಾಶ ನೀಡಿತು. 2020ರ ಫೆಬ್ರವರಿಯಲ್ಲಿ ಅದರ ಅಧಿಸೂಚನೆ ಹೊರಬಿತ್ತು. ಅವಳಿ ನಗರಗಳ ಕುಡಿಯುವ ನೀರು ಈ ಬೇಡಿಕೆಯ ಮುಖ್ಯ ಆಧಾರ. ಈಗ ಇನ್ನೊಂದು ಲೆಕ್ಕವನ್ನು ಪಕ್ಕದಲ್ಲಿ ಇಟ್ಟು ನೋಡಬಹುದು. ಒಂದು ಟಿ.ಎಂ.ಸಿ. ಅಡಿ ಎಂದರೆ ಸುಮಾರು 28,317 ದಶಲಕ್ಷ ಲೀಟರ್. ಗಬ್ಬೂರು, ಮದಿಹಾಳದ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ 21,900 ದಶಲಕ್ಷ ಲೀಟರ್, ಅಂದರೆ ಸುಮಾರು 0.77 ಟಿ.ಎಂ.ಸಿ. ಅಡಿ ನೀರನ್ನು ಹೊರಬಿಡಬಲ್ಲವು. ಮಹದಾಯಿಯಿಂದ ತರಲು ಒಪ್ಪಿಗೆಯಾದ ನೀರಿನ ಸರಿಸುಮಾರು ಐದನೆಯ ಒಂದು ಪಾಲಿಗೆ ಇದು ಸಮ. ಯಾವ ಕಣಿವೆಯನ್ನೂ ಅಗೆಯದೆ, ಯಾವ ರಾಜ್ಯದೊಡನೆಯೂ ವ್ಯಾಜ್ಯ ಹೂಡದೆ, ಮಳೆ ಬರಲಿ ಬಾರದಿರಲಿ ದಿನವೂ ದೊರೆಯುವ ನೀರಿದು. ಮಹದಾಯಿಯ ನೀರಿಗೆ ಇದು ಪರ್ಯಾಯವೆಂದು ಹೇಳುವುದು ಅತಿಶಯವಾದೀತು. ಕುಡಿಯುವ ನೀರಿನ ಗುಣವೇ ಬೇರೆ. ಕೈಗಾರಿಕೆ, ಉದ್ಯಾನ, ಕೃಷಿಗಳಿಗೆ ಈ ನೀರು ಒದಗಿದಷ್ಟೂ ಜಲಾಶಯದ ನೀರು ಕುಡಿಯಲು ಉಳಿಯುತ್ತದೆ ಎಂಬುದಂತೂ ದಿಟ.

ಕರ್ನಾಟಕ ಸರ್ಕಾರ 2017ರಲ್ಲಿ ನಗರ ತ್ಯಾಜ್ಯಜಲದ ಮರುಬಳಕೆ ನೀತಿಯನ್ನು ಪ್ರಕಟಿಸಿದೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಆರಂಭದ ದಿನಗಳಲ್ಲಿಯೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಮರುಬಳಕೆಯ ನೀರಿನ ಗುಣವನ್ನು ಪಡೆಯುವವರೇ ಪರೀಕ್ಷಿಸಿ ನೋಡುವಂತಿರಬೇಕು, ಪರೀಕ್ಷೆಯ ಫಲಿತಾಂಶ ಎಲ್ಲರಿಗೂ ತೆರೆದಿರಬೇಕು ಎಂಬ ಪಾಠ ಅದರಿಂದ ದೊರೆಯುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಮಲಪ್ರಭೆಯ ಕೆಳಪಾತ್ರದ ಗುಣಮಟ್ಟ ಬಾಗಲಕೋಟೆ ಜಿಲ್ಲೆಯೊಳಗೆ ಮಾತ್ರ ನಿರ್ಧಾರವಾಗುವ ವಿಷಯವಲ್ಲ. ಬೆಳಗಾವಿ, ಧಾರವಾಡ, ಗದಗ ಜಿಲ್ಲೆಗಳನ್ನೂ ಒಳಗೊಂಡ ಒಂದೇ ನದೀಕಣಿವೆಯ ಲೆಕ್ಕ ಬೇಕು. ಎರಡನೆಯದಾಗಿ, ಶುದ್ಧೀಕರಣ ಘಟಕ ಅವಶ್ಯ, ಆದರೆ ಅದೊಂದೇ ಸಾಲದು. ಸ್ವಂತ ನೀರಿಲ್ಲದ ಹಳ್ಳಕ್ಕೆ, ಹರಿಯುವ ನದಿಗೆಂದು ಹುಟ್ಟಿದ ಮಾನದಂಡ ಒಪ್ಪುವುದಿಲ್ಲ. ಬೇಸಿಗೆಯ ತಿಂಗಳುಗಳಿಗೆ ಬಿಗಿಯಾದ ಮಾನವೂ, ಹೊರಬಿಡುವುದಕ್ಕೆ ಬದಲಾಗಿ ಹೊಲಗಳಿಗೆ ಒದಗಿಸುವ ಏರ್ಪಾಡೂ ಬೇಕು. ಮೂರನೆಯದಾಗಿ, ಮನೆಯ ಕೊಳಚೆ ಮತ್ತು ಬಣ್ಣದ ನೀರು ಒಂದೇ ಕೊಳವೆಯನ್ನು ಸೇರಬಾರದು.

ನಾಲ್ಕನೆಯದಾಗಿ, ಸಂಶೋಧನೆಗೆ ಉಳಿದಿರುವ ಕೆಲಸ ದೊಡ್ಡದು. ಬೆಣ್ಣೆಹಳ್ಳದ ಸಂಗಮಕ್ಕೆ ಮೇಲೆ ಮತ್ತು ಕೆಳಗೆ, ಚೊಳಚಗುಡ್ಡದಲ್ಲಿ, ಪಟ್ಟದಕಲ್ಲಿನಲ್ಲಿ, ಕೂಡಲಸಂಗಮದಲ್ಲಿ ಒಂದೇ ದಿನ ಒಂದೇ ಕ್ರಮದಿಂದ ನೀರಿನ ಹರಿವನ್ನೂ ಗುಣವನ್ನೂ ಒಟ್ಟಿಗೆ ಅಳೆದು ಹಲವು ವರ್ಷಗಳ ಕಾಲ ದಾಖಲಿಸಿದರಷ್ಟೇ ಘಟಕದ ಪರಿಣಾಮವನ್ನು ಮಳೆಯ ಏರಿಳಿತದಿಂದ ಬೇರ್ಪಡಿಸಿ ಹೇಳಲು ಬರುತ್ತದೆ. ಹರಿವಿನ ಅಳತೆಯಿಲ್ಲದ ಗುಣದ ಅಳತೆಗೆ ಅರ್ಧ ಬೆಲೆ ಮಾತ್ರ. ಈ ಭಾಗದ ಕಾಲೇಜುಗಳ ರಸಾಯನಶಾಸ್ತ್ರ, ಭೂಗೋಳಶಾಸ್ತ್ರ ವಿಭಾಗಗಳ ಅಳವಿಗೆ ಮೀರಿದ ಕೆಲಸವಲ್ಲ ಇದು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳವನ್ನು ಹೊಕ್ಕಾಗ ನಾಡೆಲ್ಲ ಆ ನದಿಯತ್ತ ನೋಡಿತು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಅದೇ ಅಂಗಳದ ಕೆಳಗೆ ನದಿ ಸದ್ದಿಲ್ಲದೆ ಮಡುಗಟ್ಟಿ ನಿಂತಾಗ ನೋಡುವವರು ವಿರಳ. ನದಿಯ ಗುಣಮಟ್ಟವನ್ನು ಅಳೆಯಬೇಕಾದುದು ಆ ತಿಂಗಳುಗಳಲ್ಲಿ. ನವಿಲುತೀರ್ಥದಿಂದ ಎತ್ತಿದ ನೀರು ಯಾವ ಗುಣವನ್ನು ಹೊತ್ತು ಮರಳಿ ಬಂದಿದೆಯೆಂಬುದನ್ನು ಆ ಮಡುಗಳ ನೀರೇ ಹೇಳುತ್ತದೆ.